ಸ್ವಲ್ಪ ತೊಂದರೆ

“ಬುದ್ಧಿ, ತನ್ನ ಕಷ್ಟವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವವನೇ ಧೈರ್ಯವಂತನಲ್ಲವೇ?” ಎಂದು ನಿರಂಜನ ಕೇಳಿದ.

ಗುರುಗಳ ಮುಂದೆ ಕಾಲು ಚಾಚಿ ಕೂರುವ ರೂಢಿ ಮಠದಲ್ಲಿ ಇಲ್ಲ. ಈ ಶಿಷ್ಯ ಅಂದು ಬಲಗಾಲು ಚಾಚಿ, ಅದರ ಮೇಲೆ ಪಂಚೆ ಎಳೆದುಕೊಂಡು ಕುಳಿತಿದ್ದ.

“ಕಾಲಿಗೆ ಏನಾಯಿತು?” ಎಂದರು ಗುರುಗಳು.

“ಏನಿಲ್ಲ ಬುದ್ಧಿ. ಮೊನ್ನೆ ತುಕ್ಕು ಹಿಡಿದ ಮೊಳೆ ತುಳಿದೆ. ಸ್ವಲ್ಪ ಊದಿದೆ.”

ಗುರುಗಳು ಮತ್ತೆ ಕೇಳಲಿಲ್ಲ. ಕತೆ ಹೇಳಿದರು.

ಒಬ್ಬ ಪೈಲಟ್ ಇದ್ದ. ಯಾರಿಗೂ ತೊಂದರೆ ಕೊಡದ ಮನುಷ್ಯ ಎಂದು ಅವನಿಗೆ ಹೆಸರು. ಮದುವೆಮನೆಯಲ್ಲಿ ತನ್ನ ಎಲೆಗೆ ಸಾರು ಬರದಿದ್ದರೆ ಬರೀ ಅನ್ನ ಉಂಡು ಏಳುವ ಪೈಕಿ.

ಒಂದು ದಿನ ಅವನ ವಿಮಾನ ನೆಲ ಬಿಟ್ಟು ಮೇಲೇರುವಾಗ ಹದ್ದೊಂದು ಎಡ ಎಂಜಿನ್ನಿಗೆ ಸಿಕ್ಕಿತು. ದಡ್ ಎಂದು ಸದ್ದಾಯಿತು. ವಿಮಾನ ನಡುಗತೊಡಗಿತು. ಎಂಜಿನ್ ನಿಲ್ಲಲಿಲ್ಲ, ಆದರೆ ಅದರ ಬಿಸಿ ಏರುತ್ತಿತ್ತು. ಮುಂದೆ ಹೋಗುವುದು ಬೇಡ, ಹಿಂದಿರುಗುವುದೇ ಸರಿ ಎಂದು ಪೈಲಟ್ ತಕ್ಷಣ ತೀರ್ಮಾನಿಸಿದ. ಅಲ್ಲಿಯವರೆಗೆ ಅವನು ತಪ್ಪಲಿಲ್ಲ. ತಪ್ಪಿದ್ದು ನಾಲಿಗೆ.

ನಿಲ್ದಾಣದ ಟವರಿನಲ್ಲಿ ಕುಳಿತು ವಿಮಾನಗಳಿಗೆ ದಾರಿ ಹೇಳುವವನಿಗೆ ಅವನು ರೇಡಿಯೊದಲ್ಲಿ, “ಸ್ವಲ್ಪ ತೊಂದರೆ ಇದೆ. ವಾಪಸ್ ಬರುತ್ತೇನೆ. ಅನುಕೂಲವಾದಾಗ ಜಾಗ ಕೊಡಿ” ಎಂದ. ಆಕಾಶದಲ್ಲಿ ಇಂಗ್ಲಿಷ್ ಆಡಬೇಕು, ಅವನು ಆಡಿದ್ದೂ ಇಂಗ್ಲಿಷೇ. ಆದರೂ ಆ ‘ಸ್ವಲ್ಪ’ ನಮ್ಮದು.

“ಆಗಲಿ ಸಾರ್. ನಿಮ್ಮ ಮುಂದೆ ಇನ್ನೂ ಕೆಲವರಿದ್ದಾರೆ. ಸುತ್ತು ಹಾಕುತ್ತಿರಿ” ಎಂದ ಟವರಿನವನು.

ಪೈಲಟ್ ಸುತ್ತು ಹಾಕಿದ. ನಡುಕ ಹೆಚ್ಚಿತು. ಹಿಂದೆ ಕುಳಿತ ಪ್ರಯಾಣಿಕರು ಮಾತು ನಿಲ್ಲಿಸಿದರು.

“ಸಾರ್, ಪ್ರಾಣಾಪಾಯ ಅಂತ ಸಾರೋ ಆ ಮಾತು ಹೇಳಿಬಿಡಿ. ಮೂರು ಸಲ ಹೇಳೋದು” ಎಂದ ಪಕ್ಕದ ಸೀಟಿನ ಕಿರಿಯ ಪೈಲಟ್.

“ಮೇಡೇನಾ? ಇಷ್ಟಕ್ಕೆಲ್ಲ ಯಾಕಯ್ಯ? ಉಳಿದ ವಿಮಾನಗಳನ್ನೆಲ್ಲ ತಡೀತಾರೆ. ಬೆಂಕಿ ಆರಿಸೋ ಲಾರಿಗಳು ಬಂದು ಸಾಲಾಗಿ ನಿಲ್ತವೆ. ಆಮೇಲೆ ಏನೂ ಆಗದೆ ಇಳಿದರೆ ಎಲ್ಲರೂ ನಗ್ತಾರೆ.”

“ನಗಲಿ ಸಾರ್. ಅವರ ಜೊತೆ ನಗೋಕೆ ನಾವೂ ಇರ್ತೀವಲ್ಲ.”

ಪೈಲಟ್ ಅವನ ಮುಖ ನೋಡಿದ. ರೇಡಿಯೊದ ಗುಂಡಿ ಒತ್ತಿ, ಮೂರು ಸಲ ಮೇಡೇ ಎಂದ.

ಟವರಿನವನ ದನಿಯೇ ಬದಲಾಯಿತು. “ರನ್‌ವೇ ನಿಮ್ಮದು ಸಾರ್. ನೇರ ಬನ್ನಿ” ಎಂದ. ಮುಂದಿದ್ದವರೆಲ್ಲ ಪಕ್ಕಕ್ಕೆ ಸರಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ವಿಮಾನ ಇಳಿದು ನಿಂತಿತು. ನಿಂತ ಮೇಲೆ ಎಡ ಎಂಜಿನ್ನಿನಿಂದ ಹೊಗೆ ಎದ್ದಿತು, ಹೊಗೆಯ ಹಿಂದೆ ಬೆಂಕಿ. ಬಂದರೆ ನಾಚಿಕೆ ಎಂದು ಅವನು ಹೆದರಿದ್ದ ಲಾರಿಗಳು ಪಕ್ಕದಲ್ಲೇ ನಿಂತಿದ್ದವು. ಬೆಂಕಿ ರೆಕ್ಕೆಗೆ ಹತ್ತುವ ಮೊದಲೇ ಆರಿತು. ಎಲ್ಲರೂ ನಡೆದುಕೊಂಡೇ ದೂರ ಬಂದರು. ಮೊದಲ ಸಲ ವಿಮಾನ ಹತ್ತಿದ್ದ ಅಜ್ಜಿಯೊಬ್ಬಳು ಸುತ್ತ ನೋಡಿ, “ಈ ಊರೂ ನಮ್ಮೂರಿನ ಹಾಗೇ ಇದೆಯಲ್ಲ” ಎಂದಳು. ಆಗ ಎಲ್ಲರೂ ನಕ್ಕರು. ಪೈಲಟ್ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ.

ಸಂಜೆ ಟವರಿನವನು ಕಾಫಿಗೆ ಸಿಕ್ಕಿದ. “ಮೊದಲೇ ಹೇಳಬಾರದಿತ್ತಾ ಸಾರ್?” ಎಂದ.

“ಹೇಳಿದೆನಲ್ಲ, ಸ್ವಲ್ಪ ತೊಂದರೆ ಅಂತ.”

“ಸ್ವಲ್ಪ ಅಂತ ದಿನಾ ಎಲ್ಲರೂ ಅಂತಾರೆ ಸಾರ್. ಕಾಫಿ ಸ್ವಲ್ಪ ಲೇಟಾದರೂ ಸ್ವಲ್ಪವೇ, ರೆಕ್ಕೆ ಮುರಿದರೂ ಸ್ವಲ್ಪವೇ. ಯಾವ ಸ್ವಲ್ಪ ಅಂತ ಕೆಳಗೆ ಕೂತವನಿಗೆ ಹೇಗೆ ಗೊತ್ತಾಗಬೇಕು?”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ, ಚಾಚಿದ್ದ ಕಾಲಿನ ಕಡೆ ನೋಡಿದರು.

“ಈಗ ಹೇಳು ನಿರಂಜನ, ನಿನ್ನದು ಯಾವ ಸ್ವಲ್ಪ?”

ಶಿಷ್ಯ ಪಂಚೆಯನ್ನು ಮೊಣಕಾಲಿನವರೆಗೆ ಸರಿಸಿದ. ಊತ ಅಲ್ಲಿಯವರೆಗೂ ಏರಿತ್ತು.