ವಿಮಾನ ಹತ್ತಿದ ವೋಟರ್ ಕಾರ್ಡು

ಅಂಬಕ್ಕಜ್ಜಿಯ ಕೈಚೀಲದಲ್ಲಿ ಇಬ್ಬರು ವಾಸವಾಗಿದ್ದರು. ಒಬ್ಬ ಚರ್ಮದ ಅಂಗಿ ತೊಟ್ಟ ಪಾಸ್‌ಪೋರ್ಟು, ಇನ್ನೊಬ್ಬ ಮೂಲೆ ಸವೆದ ವೋಟರ್ ಕಾರ್ಡು. ತಂಗಿ ಮಗಳ ಮದುವೆಗೆ ಅಂತ ಅಜ್ಜಿ ಮೊದಲ ಸಲ ವಿಮಾನದಲ್ಲಿ ಮಂಗಳೂರಿಂದ ಮುಂಬೈಗೆ ಹೊರಟಿದ್ದರು.

"ನೀನ್ಯಾಕಪ್ಪ ಬಂದೆ, ಅಲ್ಲೇನು ಎಲೆಕ್ಷನ್ನಾ?" ಅಂತು ಪಾಸ್‌ಪೋರ್ಟು. "ನಾನಾದ್ರೆ ಏಳು ಸಮುದ್ರ ದಾಟೋನು."

"ಇಲ್ಲಿವರೆಗೆ ಯಾವ್ದು ದಾಟಿದೀರಿ ಅಣ್ಣ?" ಕಾರ್ಡು ಮೆಲ್ಲಗೆ ಕೇಳ್ತು.

"ದಾಟಬಲ್ಲೆ ಅಂದೆ" ಅಂತ ಪಾಸ್‌ಪೋರ್ಟು ತನ್ನ ಖಾಲಿ ಹಾಳೆಗಳನ್ನ ಬಿಗಿಯಾಗಿ ಮುಚ್ಚಿಕೊಂಡಿತು.

ವಿಮಾನ ಅಂದ್ರೆ ಪಾಸ್‌ಪೋರ್ಟೇ ಬೇಕು ಅಂತ ನಂಬಿದ್ದ ಅಜ್ಜಿ, ನಿಲ್ದಾಣದ ಬಾಗಿಲಲ್ಲಿ ಠೀವಿಯಿಂದ ಅದನ್ನೇ ಚಾಚಿದರು. ಕಾವಲಿನವನು ತಿರುವಿ ನೋಡಿದ. "ಇದರ ಡೇಟು ಮುಗಿದಿದೆ ಅಜ್ಜಿ, ನಡೆಯಲ್ಲ. ಬೇರೆ ಏನಾದ್ರೂ ಇದ್ಯಾ?"

ಮದುವೆ ತಪ್ಪೇಹೋಯ್ತು ಅಂದುಕೊಂಡು ಅಜ್ಜಿ ಚೀಲ ತಡಕಾಡಿದರು. ಕಾರ್ಡು ತಾನಾಗೇ ಅವರ ಬೆರಳಿಗೆ ಆತುಕೊಂಡಿತು. ಆದ್ರೂ ಅದಕ್ಕೊಂದು ಅಳುಕಿತ್ತು, ಯಾಕಂದ್ರೆ ಅದರೊಳಗಿನ ಫೋಟೋದಲ್ಲಿ ಅಜ್ಜಿಯ ಮುಖಕ್ಕೆ ಮಸಿ ಬಳಿದ ಹಾಗಿತ್ತು. ಕಾವಲಿನವನು ಫೋಟೋ ನೋಡಿದ, ಅಜ್ಜಿಯನ್ನ ನೋಡಿದ, ನಕ್ಕುಬಿಟ್ಟ. "ದೇಶದೊಳಗೆ ಓಡಾಡೋಕೆ ಇದು ಧಾರಾಳ ಸಾಕು. ನಡೀರಿ."

ವಿಮಾನ ಮೇಲೇರಿತು. ಅಜ್ಜಿ ಕಾರ್ಡನ್ನ ಇನ್ನೂ ಕೈಯಲ್ಲೇ ಹಿಡಿದು ಕಿಟಕಿಗೆ ಒರಗಿದ್ದರು. ಚೀಲದೊಳಗಿಂದ ಸಣ್ಣ ದನಿಯೊಂದು ಬಂತು.

"ತಮ್ಮಾ, ಮೋಡ ಹೇಗಿರುತ್ತೆ?"

"ದೋಸೆ ಹಿಟ್ಟು ಉಕ್ಕಿ ಬಂದ ಹಾಗಿದೆ ಅಣ್ಣ" ಅಂತು ಕಾರ್ಡು. "ಕೆಳಗೆ ಸಮುದ್ರಾನೂ ಕಾಣ್ತಿದೆ. ಇದನ್ನೇ ನಿಮ್ಮ ಮೊದಲನೇದು ಅಂತ ಲೆಕ್ಕ ಹಾಕ್ಕೊಳ್ಳಿ."