ಏಳಿಗೆಯ ಸಭೆ

"ಅಜ್ಜಯ್ಯಾ, ದೊಡ್ಡ ದೇಶದೋರು ಮತ್ತೆ ಮತ್ತೆ ಸಭೆ ಸೇರಿ, ಬಡ ದೇಶಗಳ ವ್ಯಾಪಾರ ಹೇಗೆ ಬೆಳೆಸೋದು ಅಂತ ಮಾತಾಡ್ತಾರಲ್ಲ. ಆದ್ರೂ ಬಡವರು ಯಾಕೆ ಬಡವರಾಗೇ ಇದಾರೆ?" ಅಂತ ಶಿಷ್ಯ ಚನ್ನಮಲ್ಲ ಕೇಳಿದ.

ಅಜ್ಜಯ್ಯನ ಮುಖ ಕೆಂಪಾಯ್ತು. ಕತೆ ಶುರು ಮಾಡಿದ್ರು.

ಒಂದು ಹೊಳೆ. ಆ ದಡದಲ್ಲಿ ಉಪ್ಪು ಬೆಳೆಯೋರು, ಈ ದಡದಲ್ಲಿ ಸಂತೆ. ದೋಣಿಗಳೆಲ್ಲ ಈ ದಡದ ಸಾಹುಕಾರರವು. ಒಂದು ಮೂಟೆ ದಾಟಿಸಿದ್ರೆ ಇನ್ನೊಂದು ಮೂಟೆ ಬಾಡಿಗೆ.

ಒಬ್ಬ ಉಪ್ಪಿನವನಿಗೆ ಸಾಕುಸಾಕಾಗಿ ಹೋಗಿತ್ತು. ಮಳೆ ಬಿದ್ರೆ ಉಪ್ಪು ನೀರಾಗತ್ತೆ. ಅಷ್ಟರೊಳಗೆ ಮಾರದಿದ್ರೆ ಮಕ್ಕಳಿಗೆ ಗಂಜಿಯಿಲ್ಲ. ಆಗ ಸಾಹುಕಾರರೇ ಹೇಳಿಕಳಿಸಿದ್ರು: "ಆ ದಡದೋರ ಏಳಿಗೆಗೆ ಸಭೆ ಇಟ್ಟಿದೀವಿ, ಬಾ." ಬಾಡಿಗೆ ಇಳಿಸಿ ಅಂತ ಕೇಳೇಬಿಡೋಣ ಅಂತ ಹೊರಟ. ಸಭೆಗೆ ಹೋಗೋಕೂ ದೋಣಿಯವನು ಒಂದು ಮೂಟೆ ಕಿತ್ಕೊಂಡ.

ಮೊದಲು ಊಟ. ಪಂಕ್ತಿ ಎಷ್ಟುದ್ದ ಅಂದ್ರೆ, ಈ ತುದೀಲಿ ಪಾಯಸ ಬಡಿಸೋಕೆ ಹೊರಟವನು ಆ ತುದಿ ಮುಟ್ಟೋ ಹೊತ್ತಿಗೆ ಅವನ ಮೀಸೆ ಬೆಳ್ಳಗಾಗಿತ್ತು. ಆಮೇಲೆ ಉಪ್ಪಿನವನಿಗೆ ಹಾರ ಹಾಕಿ ಮುಂದೆ ಕೂರಿಸಿದ್ರು. ಒಬ್ಬ ಸಾಹುಕಾರ ಇವನ ಬಡತನ ವರ್ಣಿಸಿ ಎಂಥಾ ಅಳು ಅತ್ತ ಅಂದ್ರೆ, ಹೊಳೆ ಒಂದಾಳು ಏರ್ತು. ಹೊಳೆ ತುಂಬಿತು ಅಂತ ಬಾಡಿಗೆನೂ ಏರ್ತು.

ಕೊನೆಗೆ ತೀರ್ಮಾನ ಆಯ್ತು: ಆ ದಡದೋರಿಗೆಲ್ಲ ಈಜು ಕಲಿಸೋದು.

ಉಪ್ಪಿನವನು ಎದ್ದು ನಿಂತ. "ಅಲ್ರೀ ಸಾಹುಕಾರ್ರೇ, ಉಪ್ಪಿನ ಮೂಟೆ ಹೊತ್ತು ಈಜಿದ್ರೆ ದಡಕ್ಕೆ ಬರೋದು ಖಾಲಿ ಗೋಣಿಚೀಲ. ಬಾಡಿಗೆ ಇಳಿಸ್ರಿ, ಸಾಕು."

"ಭಲೇ! ಎಂಥಾ ಒಳ್ಳೇ ಮಾತು! ಮುಂದಿನ ಸಭೆ ಪೂರ್ತಿ ಇದಕ್ಕೇ ಇಡೋಣ" ಅಂತ ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಉಪ್ಪಿನವನು ಹಾರ ಕಿತ್ತೆಸೆದ. ಮನೆಗೆ ಬಂದವನೇ ದೋಣಿ ಕಟ್ಟೋಕೆ ಅಂತ ಹಿತ್ತಲ ಹಲಸಿನ ಮರಕ್ಕೆ ಕೊಡಲಿ ಹಾಕಿದ. ಆ ಸದ್ದು ಹೊಳೆ ದಾಟ್ತು. ಹುಟ್ಟಿದಾಗಿಂದ ಆ ದಡಕ್ಕೆ ಕಾಲಿಡದ ಸಾಹುಕಾರರು ಪಂಚೆ ಎತ್ತಿಕಟ್ಟಿ, ಒಬ್ಬರ ಮೇಲೊಬ್ಬರು ಬಿದ್ದು ದೋಣಿ ಹತ್ತಿ ಬಂದ್ರು. ಮರದ ಸುತ್ತ ಜಮಖಾನ ಹಾಸಿ ಕೂತ್ರು.

"ಕೊಡಲಿ ಕೆಳಗಿಡು ತಮ್ಮಾ. ಬಡವರು ದೋಣಿ ಕಟ್ಟೋದು ಅವರಿಗೇ ಒಳ್ಳೇದಾ ಅಂತ ಒಂದು ಸಭೆ ಆಗ್ಲಿ."

ಅಷ್ಟರಲ್ಲಿ ಉಪ್ಪಿನ ರಾಶಿ ಮೇಲೆ ಟಪ್ ಅಂತ ಒಂದು ಹನಿ ಬಿತ್ತು.

ಅಜ್ಜಯ್ಯ ಅಲ್ಲಿಗೆ ನಿಲ್ಲಿಸಿಬಿಟ್ರು.

ಚನ್ನಮಲ್ಲ ತಡೀಲಾರದೆ ಕೇಳಿದ: "ಆಮೇಲೆ? ಆ ಸಭೇಲಿ ಏನು ತೀರ್ಮಾನ ಆಯ್ತು ಅಜ್ಜಯ್ಯಾ?"

"ಮಳೆ ಬೀಳ್ತಿದೆ ಕಣೋ, ನೀನಿನ್ನೂ ಸಭೆಯ ತೀರ್ಮಾನ ಕಾಯ್ತಿದೀಯಾ?"