ಮಾರಿದ ಗೂಡಿನ ಬೆಲೆ

"ಗುರುಗಳೇ, ಮಾರಿಬಿಟ್ಟ ಷೇರನ್ನು ಮರೆಯುವುದು ಹೇಗೆ?" ಎಂದು ಷೇರು ವ್ಯಾಪಾರ ಮಾಡುವ ಶಿಷ್ಯ ಚನ್ನವೀರ ಕೇಳಿದ. "ನಾನು ಮಾರಿದ ಮರುದಿನವೇ ಏರಿತು. ಇವತ್ತು ಬೆಳಿಗ್ಗೆಯೂ ಹನ್ನೆರಡು ರೂಪಾಯಿ ಏರಿದೆ. ಹೊಟ್ಟೆ ಉರಿಯುತ್ತದೆ. ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ."

"ಅದಕ್ಕೇ ಬಂದಾಗಿನಿಂದ ಜೇಬಿನ ಫೋನು ಮುಟ್ಟಿ ಮುಟ್ಟಿ ನೋಡುತ್ತಿದ್ದೀಯೋ! ಅದನ್ನು ಅತ್ತ ಇಡು, ಹೇಳುತ್ತೇನೆ" ಎಂದು ಗುರುಗಳು ಶುರುಮಾಡಿದರು.

ಒಬ್ಬ ರೈತ ರೇಷ್ಮೆ ಬೆಳೆಯುತ್ತಿದ್ದ. ಗೂಡು ಬಿಡಿಸಿ ಮಾರುಕಟ್ಟೆಗೆ ತಂದ. ರೇಷ್ಮೆಗೂಡು ಕೂಡಿಟ್ಟು ಕಾಯುವ ಮಾಲಲ್ಲ. ತಡಮಾಡಿದರೆ ಒಳಗಿನ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳು. ಹಾಗಾಗಿ ಹರಾಜಿನಲ್ಲಿ ಬಂದ ಬೆಲೆಗೆ ಒಪ್ಪಿ ಮಾರಿದ. ಒಳ್ಳೆಯ ಬೆಲೆಯೇ ಬಂದಿತ್ತು. ಖುಷಿಯಾಗಿ ಮನೆಗೆ ಹೋದ.

ಮರುದಿನ ಬೆಲೆ ಏರಿತು. ಅಷ್ಟೇ ನೋಡು, ಅವನ ಖುಷಿ ಹೋಯಿತು. "ಅಯ್ಯೋ, ಒಂದು ದಿನ ತಡೆದಿದ್ದರೆ!" ಎಂದು ತಲೆ ಚಚ್ಚಿಕೊಂಡ. ಅಂದಿನಿಂದ ಬರಿಗೈಯಲ್ಲಿ ಮಾರುಕಟ್ಟೆಗೆ ಹೋಗತೊಡಗಿದ. ಮಾರುವುದಕ್ಕೆ ಒಂದು ಗೂಡೂ ಇಲ್ಲ! ಬೇರೆಯವರ ಗೂಡಿನ ಬೆಲೆ ಕೇಳುವುದು, ತನ್ನದಕ್ಕೆ ಹೋಲಿಸುವುದು, ಸಂಕಟಪಡುವುದು. ಬೆಲೆ ಇಳಿದ ದಿನ ಮಾತ್ರ ಅವನಿಗೆ ಊಟ ಸೇರುತ್ತಿತ್ತು. ಎಂಥ ಕರ್ಮ!

ಮನೆಯಲ್ಲಿ ಮುಂದಿನ ಬೆಳೆಯ ಹುಳುಗಳು ಬೆಳೆಯುತ್ತಿದ್ದವು. ಒಂದು ಬೆಳಿಗ್ಗೆ ಹೆಂಡತಿ, "ಹುಳು ಹಣ್ಣಾಗಿವೆ, ಇವತ್ತು ಎಲ್ಲೂ ಹೋಗಬೇಡಿ. ಚಂದ್ರಿಕೆಗೆ ಬಿಡಬೇಕು, ನನ್ನೊಬ್ಬಳ ಕೈಲಿ ಆಗುವುದಿಲ್ಲ" ಎಂದಳು. ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ ಹುಳುವನ್ನು ಕೈಯಿಂದ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಬಿಡದಿದ್ದರೆ ತಿಂದುಳಿದ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಮುಗಿಸುತ್ತದೆ.

"ಇವತ್ತಿನ ಬೆಲೆ ಒಂದು ಕೇಳಿಕೊಂಡು ಬಂದುಬಿಡುತ್ತೇನೆ" ಎಂದು ಅವನು ಹೊರಟೇಬಿಟ್ಟ.

ಅಂದು ಬೆಲೆ ಧೊಪ್ಪನೆ ಬಿದ್ದಿತ್ತು. ಅವನು ಮಾರಿದ್ದ ಬೆಲೆಗಿಂತ ಕೆಳಗೆ. ಎಲ್ಲ ಹರಾಜು ಮುಗಿಯುವವರೆಗೂ ಕುಳಿತು ಕೇಳಿದ. ಸಂಜೆ ಹುಳುಮನೆಯ ಬಾಗಿಲಿಗೆ ಬಂದು, "ನಾನು ಮಾರಿದ್ದೇ ಸರಿ ಕಣೇ!" ಎಂದು ಕೂಗಿದ. ಹೆಂಡತಿ ಅಳುತ್ತ ಕುಳಿತಿದ್ದಳು. ಅವಳೊಬ್ಬಳ ಕೈಗೆ ಸಿಕ್ಕಷ್ಟು ಹುಳು ಚಂದ್ರಿಕೆಯಲ್ಲಿದ್ದವು. ಮಿಕ್ಕ ರೇಷ್ಮೆಯೆಲ್ಲ ಕಸಕ್ಕೆ ಅಂಟಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಅವನು ಮೊದಲು ಮಾರಿದ್ದು ಸರಿಯೋ, ತಪ್ಪೋ?" ಎಂದ.

"ಅದಿರಲಿ ಮಾರಾಯ, ನಿನ್ನ ಕೈಯಲ್ಲಿ ಇನ್ನೂ ಉಳಿದಿರುವ ಷೇರುಗಳ ಇವತ್ತಿನ ಬೆಲೆ ಎಷ್ಟು, ಹೇಳು ನೋಡೋಣ?"